ಮುಂದಾಳಿನ ಎಡಗೈ

“ಗುರುಗಳೇ, ನಿಮ್ಮ ಮಾತನ್ನೆಲ್ಲ ಬರೆದಿಟ್ಟರೆ ನಿಮ್ಮ ನಂತರವೂ ಅದು ಉಳಿಯುತ್ತದೆ, ಅಲ್ಲವೇ?” ಎಂದು ಶಿಷ್ಯ ಕೇಳಿದ. ಗುರುಗಳು ಕಾಯಿಲೆ ಬಿದ್ದಂದಿನಿಂದ ಅವರು ಆಡಿದ್ದನ್ನೆಲ್ಲ ಅವನು ಬರೆದುಕೊಳ್ಳುತ್ತಿದ್ದ.

“ಒಂದು ಕತೆ ಹೇಳುತ್ತೇನೆ. ನನಗೆ ಕತೆ ಹೇಳಲು ಚೆನ್ನಾಗಿ ಬಾರದು. ದೂರದ ದೇಶದ್ದು ಬೇರೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ” ಎಂದು ಗುರುಗಳು ತೊಡಗಿದರು.

ಅಮೆರಿಕದ ಒಣನೆಲದಲ್ಲಿ, ಕಲ್ಲುಗುಡ್ಡಗಳ ನೆತ್ತಿಯ ಮೇಲೆ, ಹೋಪಿ ಎಂಬ ಜನರ ಊರುಗಳಿವೆ. ಒಂದಕ್ಕೊಂದು ಅಂಟಿಕೊಂಡ ಕಲ್ಲುಮನೆಗಳು. ಹೊರಗಿನವರು ಅಂಥ ಊರನ್ನು ಪ್ವೆಬ್ಲೊ ಎನ್ನುತ್ತಾರೆ. ಅಲ್ಲಿ ಮೆಕ್ಕೆಜೋಳ ಬೆಳೆಯಬೇಕಾದರೆ ಮಳೆ ಬರಬೇಕು. ಮಳೆ ಬರಬೇಕಾದರೆ ಕುಣಿಯಬೇಕು. ಅಂದರೆ ಅವರಿಗೆ ಕುಣಿತ ಆಟವಲ್ಲ, ಪೂಜೆ.

ಅಂಥ ಒಂದು ಊರಲ್ಲಿ ಒಬ್ಬ ಚಿತ್ರಕಾರನಿದ್ದ. ಅವನ ಸೋದರಮಾವ ಕುಣಿತದ ಮುಂದಾಳು. ಆ ಜನರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಆದ್ದರಿಂದ ಹುಡುಗನನ್ನು ತಿದ್ದುವವನು ಮಾವ. ಪಟ್ಟಣದವರು ಬಂದು ಕುಣಿತದ ಚಿತ್ರ ಬೇಕೆಂದಾಗ ಚಿತ್ರಕಾರ ಮಾವನನ್ನು ಕೇಳಿದ.

“ಬರೆ,” ಎಂದ ಮಾವ. “ಆದರೆ ಒಂದನ್ನು ಬಿಟ್ಟು ಬರೆ. ಎಲ್ಲವನ್ನೂ ಬರೆದರೆ ಅದು ಚಿತ್ರವಾಗಿ ಉಳಿಯದು, ಕುಣಿತವೇ ಆಗಿಬಿಡುತ್ತದೆ. ಕಂಡಕಂಡವರ ಗೋಡೆಗೆ ಕುಣಿತವನ್ನು ನೇತುಹಾಕುತ್ತೀಯಾ?”

ಮುಂದಾಳು ಎಡಗೈಯಲ್ಲಿ ಒಂದು ವಸ್ತು ಹಿಡಿದು ಕುಣಿಯುತ್ತಿದ್ದ. ಚಿತ್ರಕಾರ ಅದನ್ನು ಬಿಟ್ಟ. ಗರಿ ಬರೆದ, ಕಾಲಿಗೆ ಕಟ್ಟಿದ ಆಮೆಚಿಪ್ಪು ಬರೆದ, ಬಲಗೈಯ ಸೋರೆಬುರುಡೆಯ ಗಿಲಕಿ ಬರೆದ. ಎಡಗೈಯನ್ನು ಮಾತ್ರ ಖಾಲಿ ಬರೆದ. ವರ್ಷವರ್ಷವೂ ಹಾಗೆಯೇ ಬರೆದ. ಕೈಗೆ ಅದೇ ರೂಢಿಯಾಯಿತು.

ಈ ನಡುವೆ ಸರ್ಕಾರದವರು ಊರಿನ ಮಕ್ಕಳನ್ನು ದೂರದ ವಸತಿಶಾಲೆಗೆ ಒಯ್ದರು. ಕಲಿಯುವವರಿಲ್ಲದೆ ಕುಣಿತ ನಿಂತಿತು. ಮಾವ ತೀರಿಕೊಂಡ. ಅವನ ಜೊತೆ ಕುಣಿದವರೂ ಒಬ್ಬೊಬ್ಬರಾಗಿ ಹೋದರು.

ಚಿತ್ರಕಾರ ಮುದುಕನಾದ. ಆ ಮಕ್ಕಳು ದೊಡ್ಡವರಾಗಿ ಊರಿಗೆ ಮರಳಿದರು. ಒಂದು ದಿನ ಬಂದು, “ಅಜ್ಜಾ, ಕುಣಿತ ಮತ್ತೆ ಹಿಡಿದಿದ್ದೇವೆ. ನೋಡಲು ಬಾ” ಎಂದರು.

ಊರವರೆಲ್ಲ ಮಾಳಿಗೆಗಳ ಮೇಲೆ ಕುಳಿತಿದ್ದರು. ಕುಣಿಯುವವರು ಊರಂಗಳಕ್ಕೆ ಬಂದರು. ಗರಿ ಸರಿಯಿತ್ತು, ಆಮೆಚಿಪ್ಪು ಸರಿಯಿತ್ತು. ಹೊಸ ಮುಂದಾಳು ಎಡಗೈ ಎತ್ತಿದ. ಅದರಲ್ಲಿ ಏನೂ ಇರಲಿಲ್ಲ.

ಪಕ್ಕದಲ್ಲಿದ್ದ ಹೆಂಗಸು, “ಏನಜ್ಜಾ, ಮೋಡ ಕಟ್ಟುವ ಮೊದಲೇ ನಿನ್ನ ಕಣ್ಣು ಸುರಿಯತೊಡಗಿತಲ್ಲ” ಎಂದು ನಕ್ಕಳು.

ಅವನು ಕಣ್ಣು ಮುಚ್ಚಿ ಮಾವನನ್ನು ನೆನೆದ. ಮಾವನ ಮುಖ ಬಂತು, ಭುಜ ಬಂತು, ತೋಳು ಬಂತು. ಕೈ ಖಾಲಿ ಇತ್ತು. ಅಂದರೆ, ಬಂದದ್ದು ಮಾವನ ಕೈಯಲ್ಲ, ತಾನು ಬರೆದ ಕೈ. ಎಷ್ಟು ನೆನೆದರೂ ಅದೇ ಬಂತು.

ಕುಣಿತ ಮುಗಿಯಿತು. ಮುಂದಾಳು ಬೆವರೊರೆಸಿಕೊಳ್ಳುತ್ತ ಬಳಿಗೆ ಬಂದ. “ಎಲ್ಲ ನಿನ್ನ ಚಿತ್ರ ನೋಡಿಯೇ ಕಲಿತದ್ದು ಅಜ್ಜಾ. ಏನಾದರೂ ಬಿಟ್ಟೆವೇ?”

ಬಿಟ್ಟಿರಿ ಎಂದರೆ, ಏನನ್ನು ಎಂದು ಕೇಳುತ್ತಾನೆ. ಅದನ್ನು ಹೇಳಬಲ್ಲವರು ಈಗ ಊರಲ್ಲಿ ಯಾರೂ ಇಲ್ಲ.

“ಇಲ್ಲ ಮಗಾ,” ಎಂದ ಚಿತ್ರಕಾರ. “ಏನೂ ಬಿಟ್ಟಿಲ್ಲ.”

ಗುರುಗಳು ಕೆಮ್ಮಿ ಸುಧಾರಿಸಿಕೊಂಡರು. “ಇದರ ಅರ್ಥ ಬಿಡಿಸಿ ಹೇಳಬೇಕು. ಮಾವನದು ತಪ್ಪಲ್ಲ, ಚಿತ್ರಕಾರನದೂ ಅಲ್ಲ. ಆದರೆ ಬಿಟ್ಟದ್ದು ಉಳಿಯಬೇಕಾದರೆ…”

“ಗುರುಗಳೇ, ವೈದ್ಯರು ಬಂದಿದ್ದಾರೆ,” ಎಂದು ಒಳಗಿನಿಂದ ಯಾರೋ ಕರೆದರು.

ಮಾತನ್ನು ಅಲ್ಲಿಗೇ ಬಿಟ್ಟು ಅವರು ಎದ್ದರು. ಹೊಸಿಲು ದಾಟುವಾಗ ಗೋಡೆ ಹಿಡಿದು ತಿರುಗಿ, ಶಿಷ್ಯನ ಕೈಯಲ್ಲಿದ್ದ ಲೇಖನಿಯನ್ನು ನೋಡಿದರು.

“ನೀನು ಬರೆದುಕೊಳ್ಳುವುದನ್ನು ಕಂಡ ದಿನದಿಂದ ನಾನೂ ಒಂದನ್ನು ಬಿಟ್ಟೇ ಹೇಳುತ್ತಿದ್ದೇನೆ.”