ಗಂಟೆ ಕಟ್ಟಿದ ಗಿರಾಕಿ

ಕಾಡಿನ ಕಾವಲುಗಾರರಿಗೆ ಪರವಾನಗಿ ಕೊಡುವ ಅಧಿಕಾರ ಬೇಟೆನಾಯಿಯದು. ಪರವಾನಗಿ ಪಡೆದವರು ಕೊರಳಿಗೆ ಗಂಟೆ ಕಟ್ಟಿಕೊಳ್ಳಲೇಬೇಕು, ಅದು ಕಾನೂನು. ಹೀಗಿರುವಾಗ ಒಂದು ಸುದ್ದಿ ನಾಯಿಯ ಕಿವಿಗೆ ಬಿತ್ತು: ಕಾಳಿನಂಗಡಿಯ ಯಜಮಾನ ಅಳಿಲು, ಗಿರಾಕಿಯಂತೆ ಹೋಗಿ ತನ್ನ ಕೆಲಸದಾಳು ಹೆಗ್ಗಣ ಕಾಳು ಹೇಗೆ ಅಳೆಯುತ್ತದೆಂದು ನೋಡಿ ಬರಲು ಪಿಕಳಾರ ಹಕ್ಕಿಯನ್ನು ನೇಮಿಸಿಕೊಂಡಿದೆಯಂತೆ.

"ಕೂಲಿ ಪಡೆದು ಕಣ್ಣಿಡುವವರೆಲ್ಲ ಕಾವಲುಗಾರರೇ. ಕಟ್ಟಿಕೋ ಗಂಟೆ!" ನಾಯಿ ಗದರಿತು.

"ನಾನು ಯಾರನ್ನೂ ತಡೆಯುವುದಿಲ್ಲ, ಹಿಡಿಯುವುದಿಲ್ಲ ಸ್ವಾಮಿ. ಕಂಡದ್ದನ್ನು ಹೇಳುತ್ತೇನೆ, ಅಷ್ಟೇ," ಎಂದಿತು ಪಿಕಳಾರ.

ನಾಯಿ ಕೇಳಲಿಲ್ಲ. ಹಕ್ಕಿಯ ಕೊರಳಿಗೆ ಗಂಟೆ ಕಟ್ಟಿ, ತಾನೂ ಜೊತೆಗೆ ಅಂಗಡಿಗೆ ಹೊರಟಿತು.

ಗಂಟೆಯ ಸದ್ದು ಕೇಳಿದ್ದೇ ತಡ, ಹೆಗ್ಗಣ "ಬನ್ನಿ ಅಕ್ಕಾವ್ರೇ" ಎನ್ನುತ್ತ ಸೇರಿನ ಮೇಲೆ ಗೋಪುರ ಏಳುವಂತೆ ರಾಗಿ ಅಳೆಯಿತು.

"ನೋಡು, ಎಂಥ ಪ್ರಾಮಾಣಿಕ! ನನಗೂ ಯಾವತ್ತೂ ಹೀಗೇ ಅಳೆಯುತ್ತಾನೆ," ಎಂದಿತು ನಾಯಿ.

"ನಿಮ್ಮ ಕೊರಳಲ್ಲೂ ಗಂಟೆಯಿದೆಯಲ್ಲ ಸ್ವಾಮಿ."

ನಾಯಿಗೆ ಚುರುಕ್ಕೆಂದಿತು. ಅದು ಗಂಟೆ ಬಿಚ್ಚಿಟ್ಟು ಪೊದೆಯ ಮರೆಯಲ್ಲಿ ಕೂತಿತು. ಮರಿಗಳಿಗೆಂದು ರಾಗಿ ಕೊಳ್ಳಲು ಮುದಿ ಗುಬ್ಬಿಯೊಂದು ಬಂತು. ಹೆಗ್ಗಣ ಸೇರಿನೊಳಗೆ ಬೆರಳು ಇಳಿಬಿಟ್ಟು, ಅಷ್ಟು ರಾಗಿ ಕಡಿಮೆ ಬೀಳುವಂತೆ ಅಳೆಯಿತು.

ಮರುದಿನವೇ ನಾಯಿ ಕಾನೂನು ತಿದ್ದಿ ಡಂಗುರ ಹೊಡೆಸಿತು: "ನೋಡಿ ಹೇಳುವವರ ಹೆಸರು ನನ್ನ ಪುಸ್ತಕದಲ್ಲಿದ್ದರೆ ಸಾಕು. ಅವರ ಕೊರಳಿಗೆ ಗಂಟೆ ಬೇಡ."

ಬರುವ ಹಕ್ಕಿಗಳಲ್ಲಿ ಯಾರ ಹೆಸರು ಆ ಪುಸ್ತಕದಲ್ಲಿದೆಯೋ ಹೆಗ್ಗಣಕ್ಕೆ ತಿಳಿಯದು. ಈಗ ಮುದಿ ಗುಬ್ಬಿ ಬಂದರೂ ಹೆಗ್ಗಣ ಎದ್ದು ನಿಲ್ಲುತ್ತದೆ, ಗೋಪುರ ಏಳುವಂತೆ ಅಳೆಯುತ್ತದೆ, "ಬನ್ನಿ ಅಕ್ಕಾವ್ರೇ" ಎನ್ನುತ್ತದೆ.