ಓಡದ ಅಜ್ಜಿಯರು

"ಗುರುಗಳೇ, ತಲೆ ಸೋರುವುದಕ್ಕೆ ಮದ್ದು ಯಾವುದು?"

ಹಾಗೆ ಕೇಳಿದವನು ಹೊನ್ನಯ್ಯ. ಕರಿಬಸವ ಪಂಡಿತರ ಮನೆಯಲ್ಲಿ ಮೂರು ವರ್ಷದಿಂದ ಬೇರು ಜಜ್ಜುತ್ತ, ಸೊಪ್ಪು ಅರೆಯುತ್ತ ವೈದ್ಯ ಕಲಿಯುತ್ತಿದ್ದ. ಬರುವ ಹುಣ್ಣಿಮೆಗೆ ಅವನ ಊರಿನ ಹಿರಿಯರು ಬರುವವರಿದ್ದರು. ಅವರ ಮುಂದೆ ಮುನ್ನೂರು ಗಿಡಗಳ ಹೆಸರು, ಗುಣ, ಕೊಡುವ ಅಳತೆ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದರೆ ಮದ್ದಿನ ಚೀಲ ಅವನ ಹೆಗಲಿಗೆ. ತಪ್ಪಿದರೆ ಹಿರಿಯರ ಹಿಂದೆ ಬರಿಗೈಯಲ್ಲಿ ಊರಿಗೆ ನಡೆಯಬೇಕು. ಆ ಊರಿನಲ್ಲಿ ವೈದ್ಯನಿರಲಿಲ್ಲ. ಕಾಯಿಲೆಯವರನ್ನು ಮಂಚದ ಸಮೇತ ಹೊತ್ತು ಎರಡು ಹರಿದಾರಿ ತರಬೇಕಿತ್ತು. ಹೊನ್ನಯ್ಯನ ತಂದೆಯನ್ನೂ ಹಾಗೆಯೇ ಹೊತ್ತು ತಂದಿದ್ದರು. ಒಂದೂವರೆ ಹರಿದಾರಿಗೆ ಉಸಿರು ನಿಂತು, ಹೊರುವವರು ಮಂಚ ಇಳಿಸಿದ್ದರು.

ಹುಣ್ಣಿಮೆಗೆ ಮೂರು ದಿನ ಉಳಿದಿತ್ತು.

ಆದ್ದರಿಂದ ಹೊನ್ನಯ್ಯ ಐದು ದಿನದಿಂದ ನಿದ್ದೆ ಬಿಟ್ಟಿದ್ದ. ಹಗ್ಗದ ಒಂದು ತುದಿಯನ್ನು ಜುಟ್ಟಿಗೆ ಕಟ್ಟಿಕೊಂಡು ಇನ್ನೊಂದನ್ನು ಮಾಡಿನ ಜಂತೆಗೆ ಬಿಗಿದಿದ್ದ. ತೂಕಡಿಸಿದರೆ ಜುಟ್ಟು ಜಗ್ಗುತ್ತಿತ್ತು. ಊಟಕ್ಕೆ ಕೂತರೆ ಹೊತ್ತು ಹಾಳು ಎಂದು ಹುರಿಗಡಲೆ ಜಗಿಯುತ್ತಿದ್ದ. ಬಾವಿಕಟ್ಟೆಗೆ ಹೋಗುವುದನ್ನೂ ಬಿಟ್ಟಿದ್ದ, ಅಲ್ಲಿ ಯಾರಾದರೂ ಮಾತಿಗೆ ಎಳೆಯುತ್ತಾರೆ ಎಂದು. ಮೊದಲ ದಿನ ನೂರು ಹೆಸರು ತಲೆಯಲ್ಲಿ ನಿಂತವು. ಎರಡನೆಯ ದಿನ ಇನ್ನೂರಾದವು. ಮೂರನೆಯ ದಿನದಿಂದ ಒಂದು ಒಳಗೆ ಬಂದರೆ ಎರಡು ಹೊರಗೆ ಹೋದವು.

ಆ ಬೆಳಿಗ್ಗೆ ಒಬ್ಬ ಮುದುಕ ಕೆಮ್ಮಿಗೆ ಮದ್ದು ಕೇಳಿಕೊಂಡು ಬಂದ. ಹೊನ್ನಯ್ಯ ಹೊಟ್ಟೆ ಉಬ್ಬಿದ ಎಮ್ಮೆಗೆ ಕೊಡುವ ಮದ್ದನ್ನು ಕಟ್ಟಿಕೊಟ್ಟ. ಮುದುಕ ಆ ಪೊಟ್ಟಣವನ್ನು ಕೂಸಿನ ಹಾಗೆ ಎತ್ತಿಕೊಂಡು ಜಗಲಿಗೆ ಹೋಗಿ ಕೇಳಿದ:

"ಪಂಡಿತರೇ, ಇದನ್ನೆಲ್ಲ ನಾನೊಬ್ಬನೇ ತಿನ್ನಬೇಕೋ, ನೆಂಟರನ್ನೂ ಕರೆಯಬೇಕೋ?"

ಪಂಡಿತರು ಪೊಟ್ಟಣ ಮೂಸಿದರು. ಅದನ್ನು ಹಿಂದಕ್ಕೆ ಪಡೆದು ಬೇರೆ ಮದ್ದು ಕೊಟ್ಟು ಕಳಿಸಿದರು. ಶಿಷ್ಯನನ್ನು ಬೈಯಲಿಲ್ಲ. ಬೈದಿದ್ದರೆ ಹೊನ್ನಯ್ಯನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಈಗ ಅವರು ಅವನ ಎದುರು ಬಂದು ಕೂತರು.

"ಸೋರುತ್ತಿದೆ ಎಂದು ನಿನಗೆ ಹೇಗೆ ತಿಳಿಯಿತು?"

"ಎಷ್ಟು ತುಂಬಿದರೂ ನಿಲ್ಲುತ್ತಿಲ್ಲ, ಗುರುಗಳೇ. ನಿಮ್ಮಲ್ಲಿ ಒಂದೆಲಗ ಇದೆ, ಬಜೆ ಇದೆ. ಏನಾದರೂ ಅರೆದು ಕೊಡಿ. ಇನ್ನು ಮೂರು ದಿನ ಕಣ್ಣು ಮುಚ್ಚದೆ ಇದ್ದರೆ ಸಾಕು."

ಪಂಡಿತರಿಗೆ ಎಪ್ಪತ್ತು ದಾಟಿತ್ತು. ಅವರ ಬಡಾಯಿಗೆ ಇನ್ನೂ ಪ್ರಾಯ.

"ನನ್ನಲ್ಲಿ ಇಲ್ಲದ ಮದ್ದು ಯಾವುದಿದೆಯಯ್ಯಾ? ನಾನು ಒಂದೆಲಗ ಅರೆದ ಒರಳನ್ನು ಒಂದು ಬೆಕ್ಕು ನೆಕ್ಕಿತು. ಹಿಂದಿನ ಏಳು ಜನ್ಮವೂ ಅದಕ್ಕೆ ನೆನಪಾಗಿ, ಆರನೆಯ ಜನ್ಮದ ಗಂಡನನ್ನು ಹುಡುಕಿಕೊಂಡು ಹೊರಟುಹೋಯಿತು. ಅದಿರಲಿ. ನೀನು ಮಿದುಳನ್ನು ಕೊಡ ಎಂದುಕೊಂಡಿದ್ದೀಯ. ಅದು ಕೊಡವಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ, ಒಂದೊಂದಕ್ಕೂ ಜೀವವಿದೆ. ಎಷ್ಟಿವೆ ಎಂದು ನಾನೊಮ್ಮೆ ಎಣಿಸಲು ಕೂತೆ. ಮುಕ್ಕಾಲು ಮುಗಿದಾಗ ನಮ್ಮ ಮನೆಯವರು ಊಟಕ್ಕೆ ಕರೆದರು, ಎಣಿಕೆ ತಪ್ಪಿತು. ಮದ್ದಿಗೆ ಮುಂಚೆ ಒಂದು ಕತೆ ಕೇಳು. ಅದು ನಡೆದ ಸೀಮೆಗೆ ನಾನೇ ಹೋಗಿ ಬಂದಿದ್ದೇನೆ. ಆದ್ದರಿಂದ ಸುಳ್ಳಾಗುವ ಸಂಭವವೇ ಇಲ್ಲ."

ಹೊನ್ನಯ್ಯ ಗೋಡೆಗೆ ಒರಗಲು ನೋಡಿದ. ಹಗ್ಗ ಬಿಡಲಿಲ್ಲ. ನೆಟ್ಟಗೆ ಕೂತು ಕೇಳಿದ.

ಒಬ್ಬ ಪಾಳೆಯಗಾರನಿದ್ದ. ಅವನ ಕೋಟೆ ಬೆಟ್ಟದ ಮೇಲೆ. ಕೋಟೆಯಿಂದ ಗಡಿಯವರೆಗೆ ನೂರು ಹಳ್ಳಗಳು ಹರಿಯುತ್ತಿದ್ದವು. ಒಂದು ಹಳ್ಳದಿಂದ ಇನ್ನೊಂದು ಹಳ್ಳದವರೆಗಿನ ದಾರಿಗೆ ಒಬ್ಬ ಓಟಗಾರ. ತನ್ನ ದಾರಿಯ ಪ್ರತಿ ಕಲ್ಲೂ ಅವನಿಗೆ ಗೊತ್ತು. ಅದರಾಚೆ ಏನಿದೆಯೋ ಗೊತ್ತಿಲ್ಲ.

ಓಟಗಾರ ಹಳ್ಳ ದಾಟಕೂಡದು ಎಂಬುದು ಆ ಸೀಮೆಯ ಕಟ್ಟಳೆ. ಗಡಿಯ ಸುದ್ದಿ ಬಂದೊಡನೆ ಅವನು ಮಿಂಚಿನ ಹಾಗೆ ದಡದವರೆಗೆ ಓಡುತ್ತಾನೆ. ಅಲ್ಲಿ ನಿಂತು, ಸೊಂಟದ ಚೀಲದಿಂದ ಬಣ್ಣ ಬಳಿದ ಗಜ್ಜುಗದ ಬೀಜಗಳನ್ನು ತೆಗೆದು ಆಚೆ ದಡಕ್ಕೆ ಎಸೆಯುತ್ತಾನೆ. ಕೆಂಪು ಬಿದ್ದರೆ ಶತ್ರು. ಹಳದಿ ಬಿದ್ದರೆ ನೆಂಟರು. ಆಚೆ ದಡದ ಓಟಗಾರ ಬಿದ್ದದ್ದನ್ನು ನೋಡುತ್ತಾನೆ. ಹತ್ತಕ್ಕೆ ಕಡಿಮೆಯಾದರೆ ಕದಲುವುದಿಲ್ಲ, ಏಕೆಂದರೆ ಒಂದೆರಡನ್ನು ಮಂಗಗಳೂ ಎಸೆಯುತ್ತಿದ್ದವು. ಹತ್ತು ಬಿದ್ದವೋ, ಎದ್ದು ಓಡುತ್ತಾನೆ. ಅರೆಮನಸ್ಸಿನ ಓಟ ಎಂಬುದು ಅವರಲ್ಲಿ ಇರಲಿಲ್ಲ. ಓಡಿದರೆ ಪೂರಾ ಓಟ, ಇಲ್ಲವಾದರೆ ಇಲ್ಲ. ಗಡಿಯಲ್ಲಿ ಒಂದು ಮಗು ಸೀನಿದರೆ, ತಾಯಿ ಅದರ ಮೂಗು ಒರೆಸುವುದರೊಳಗೆ ಕೋಟೆಯಲ್ಲಿ "ನೂರು ವರ್ಷ ಬಾಳು" ಎನ್ನುತ್ತಿದ್ದರು.

ಹೆಚ್ಚು ಓಡಿದ ದಾರಿ ನುಣುಪಾಗುತ್ತಿತ್ತು. ಓಡದೆ ಬಿಟ್ಟ ದಾರಿಯನ್ನು ಮುಳ್ಳು ಮುಚ್ಚುತ್ತಿತ್ತು. ಒಬ್ಬ ಓಟಗಾರ ಸತ್ತರೆ ಅವನ ಜಾಗಕ್ಕೆ ಹೊಸಬ ಬರುತ್ತಿರಲಿಲ್ಲ. ಅಕ್ಕಪಕ್ಕದವರೇ ಬಳಸು ದಾರಿ ಮಾಡಿಕೊಳ್ಳಬೇಕಿತ್ತು.

ಪ್ರತಿ ಹಳ್ಳದ ದಡದಲ್ಲಿ ಒಬ್ಬ ಅಜ್ಜಿ ಇದ್ದಳು. ಅಜ್ಜಿ ಓಡುತ್ತಿರಲಿಲ್ಲ. ಓಟಗಾರನಿಗೆ ಹೊತ್ತು ಹೊತ್ತಿಗೆ ಅಂಬಲಿ ಕುಡಿಸುತ್ತಿದ್ದಳು. ಅವನು ಬುತ್ತಿ ಕಟ್ಟಿಕೊಳ್ಳುವ ಪೈಕಿಯಲ್ಲ, ಆಗಿನದು ಆಗಲೇ ಬೇಕು. ಸುದ್ದಿ ಮುಂದೆ ಹೋದ ಮೇಲೆ ಬಿದ್ದ ಬೀಜಗಳನ್ನು ಆಯ್ದು, ಎಸೆದವನ ಕಡೆಗೇ ತಿರುಗಿ ಎಸೆಯುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಓಟಗಳೆಲ್ಲ ತಗ್ಗುತ್ತಿದ್ದವು. ಆಗ ಅಜ್ಜಿಯರೆಲ್ಲ ಸೀರೆ ಎತ್ತಿ ಕಟ್ಟಿ ಮೇಲಿನ ಕೆರೆಯ ತೂಬು ಎತ್ತುತ್ತಿದ್ದರು. ನೀರು ದಡದ ಮೇಲೆ ಹಾಯುತ್ತಿತ್ತು. ಹಗಲಿಡೀ ಬಿದ್ದ ಧೂಳು, ಒಡೆದ ಬೀಜ, ಮಂಗ ಕಚ್ಚಿ ಬಿಸಾಡಿದ ಹಣ್ಣು, ಎಲ್ಲವೂ ಕೊಚ್ಚಿಹೋಗುತ್ತಿದ್ದವು. ಅತ್ತ ಓಟಗಾರರು ಕಣ್ಣು ಮುಚ್ಚಿಕೊಂಡೇ ಅಂದು ಓಡಿದ ದಾರಿಯಲ್ಲಿ ಮೆಲ್ಲಗೆ ಇನ್ನೊಮ್ಮೆ ನಡೆಯುತ್ತಿದ್ದರು. ಹೊಸ ದಾರಿ ಗಟ್ಟಿಯಾಗುತ್ತಿದ್ದುದು ಆ ನಡಿಗೆಯಲ್ಲಿ.

"ಕಣ್ಣು ಮುಚ್ಚಿಕೊಂಡು ನಡೆದರೆ ಬೀಳುವುದಿಲ್ಲವೇ?" ಎಂದ ಹೊನ್ನಯ್ಯ.

"ನಾನೇ ಅವರ ಜೊತೆ ನಡೆದೆನಲ್ಲ! ಬಿದ್ದವನು ನಾನೊಬ್ಬನೇ. ಕಣ್ಣು ತೆರೆದಿದ್ದೆ," ಎಂದರು ಪಂಡಿತರು, ಮತ್ತು ಮುಂದುವರಿಸಿದರು.

ಆ ವರ್ಷ ಪಾಳೆಯಗಾರ ಒಂದೇ ತಿಂಗಳಲ್ಲಿ ಎರಡು ಸುದ್ದಿ ಎದುರುನೋಡುತ್ತಿದ್ದ. ನೆರೆಯ ಶತ್ರು ದಂಡು ಕಟ್ಟುತ್ತಿದ್ದಾನೆ ಎಂದು ಕೇಳಿದ್ದ. ಅವನ ಒಬ್ಬಳೇ ಮಗಳು ಮೊದಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಯಾವ ಸುದ್ದಿಯೂ ತಪ್ಪಕೂಡದು ಎಂದು ಅವನೇ ದಾರಿ ನೋಡಲು ಹೊರಟ. ಮೊದಲ ಹಳ್ಳದ ದಡದಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು.

"ಏನಜ್ಜೀ, ದಿನಕ್ಕೆ ಎಷ್ಟು ಓಡುತ್ತೀಯ?"

"ಓಡುವ ಕಾಲು ಯಾವಾಗಲೋ ಮುಗಿಯಿತು ದೊರೆ. ಕೂತಲ್ಲೇ ಕೆಲಸ."

"ಎಂಥ ಕೆಲಸ? ನನಗೇನೂ ಕಾಣುತ್ತಿಲ್ಲವಲ್ಲ."

"ಮಾಡಿದರೆ ಕಾಣುವುದಿಲ್ಲ. ಬಿಟ್ಟ ದಿನ ಕಾಣುತ್ತದೆ."

ದೊರೆಗೆ ಇದು ಎದುರುತ್ತರ ಅನ್ನಿಸಿತು. ಕೋಟೆಗೆ ಮರಳಿ ಅಪ್ಪಣೆ ಹೊರಡಿಸಿದ. ಓಡದವರೆಲ್ಲ ಮನೆಗೆ ಹೋಗತಕ್ಕದ್ದು. ದೀಪ ಹಚ್ಚಿದ ಮೇಲೂ ಓಟ ತಗ್ಗಕೂಡದು. ತೂಬು ಎತ್ತಕೂಡದು. ಕಣ್ಣು ಮುಚ್ಚದ ಕೋಟೆಯನ್ನು ಯಾರು ಗೆದ್ದಾರು?

ಮೊದಲ ದಿನ ಎರಡರಷ್ಟು ಸುದ್ದಿ ಬಂತು. ದೊರೆ ಹಿಗ್ಗಿದ. "ಕಣ್ಣು ಮುಚ್ಚದ ದೊರೆ" ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡು ಕಲ್ಲಿನ ಮೇಲೆ ಕೆತ್ತಿಸಿದ. ಎರಡನೆಯ ದಿನವೂ ಕುಂದಿಲ್ಲ. ಮೂರನೆಯ ದಿನ ದಡಗಳಲ್ಲಿ ಬೀಜ ಗುಡ್ಡೆಯಾಯಿತು. ನಿನ್ನೆಯ ಎಂಟರ ಮೇಲೆ ಇಂದು ಮಂಗ ಎಸೆದ ಎರಡು ಬಿದ್ದರೂ ಹತ್ತಾಯಿತು. ಯಾರೂ ಕಳಿಸದ ಸುದ್ದಿ ಹಿಡಿದು ಓಟಗಾರರು ಓಡಿದರು. ಎಸೆಯಬೇಕಾದವನ ಚೀಲ ಬರಿದಾಗಿ, ಕಳಿಸಿದ ಸುದ್ದಿ ದಡದಲ್ಲೇ ಉಳಿಯಿತು. ಅಂಬಲಿ ಕುಡಿಸುವವರಿಲ್ಲದೆ ಹೊಟ್ಟೆ ಖಾಲಿ. ಎಚ್ಚರವಿರಲಿ ಎಂದು ಯಾರೋ ಪುಣ್ಯಾತ್ಮ ಅವರಿಗೆ ಹೆಂಡ ಹಂಚಿದ. ಆಮೇಲೆ ಅವರು ಎಸೆದದ್ದೆಲ್ಲ ಮರದ ಮೇಲೆ ಹೋಯಿತು. ಆ ಸೀಮೆಯಲ್ಲಿ ಸುದ್ದಿ ಸರಿಯಾಗಿ ಮುಟ್ಟುತ್ತಿದ್ದುದು ಮಂಗಗಳಿಗೆ ಮಾತ್ರ.

ಹೊನ್ನಯ್ಯ ನಕ್ಕ. ನಗುವಾಗ ಜುಟ್ಟು ಜಗ್ಗಿತು. ಎಮ್ಮೆಯ ಮದ್ದಿನ ಪೊಟ್ಟಣ ಇನ್ನೂ ಜಗಲಿಯ ಮೇಲೇ ಇರುವುದು ಅವನ ಕಣ್ಣಿಗೆ ಬಿತ್ತು. ನಗು ಅಲ್ಲಿಗೇ ನಿಂತಿತು.

ಐದನೆಯ ದಿನ ಪಾಳೆಯಗಾರನ ಮಗಳು ಪಲ್ಲಕ್ಕಿಯಲ್ಲಿ ಗಡಿಗೆ ಬಂದಳು. ಗಡಿಯವನು ಸರಿಯಾಗಿಯೇ ಹತ್ತು ಹಳದಿ ಬೀಜ ಎಸೆದ. ಅವು ಹಳೆಯ ಕೆಂಪು ಬೀಜಗಳ ಗುಡ್ಡೆಯ ಮೇಲೆ ಬಿದ್ದು ಉರುಳಿ ಬದಿಗೆ ಸರಿದವು. ಆಚೆ ದಡದವನ ಕಣ್ಣು ಧೂಳಿನಿಂದ ಮಂಜಾಗಿತ್ತು. ಅವನಿಗೆ ಕೆಂಪು ಕಂಡಿತು. ಅವನು ಕೆಂಪು ಹಿಡಿದು ಓಡಿದ. ಅವನ ಮುಂದಿನವನೂ ಓಡಿದ. ನೂರು ಹಳ್ಳ ದಾಟಿ ಕೋಟೆಗೆ ಕೆಂಪೇ ಮುಟ್ಟಿತು.

ಕೋಟೆಯ ಬಾಗಿಲು ಮುಚ್ಚಿತು. ಗೋಡೆಯ ಮೇಲೆ ಬಂಡೆಗಳನ್ನು ಅಂಚಿಗೆ ತಂದು ನಿಲ್ಲಿಸಿದರು. ಸಂಜೆಗೆ ಪಲ್ಲಕ್ಕಿ, ಅದರ ಸುತ್ತಲಿನ ಆಳುಗಳು ಬೆಟ್ಟದ ಬುಡದಿಂದ ಹತ್ತಿಬಂದರು. ಮೇಲಿನಿಂದ ನೋಡಿದರೆ ಬರಿಯ ತಲೆಗಳು. ಪಾಳೆಯಗಾರ ಬಲಗೈ ಮೇಲೆತ್ತಿದ. ಆ ಕೈ ಇಳಿದರೆ ಬಂಡೆ ಉರುಳಬೇಕು ಎಂಬುದು ಗೋಡೆಯ ಮೇಲಿನವರಿಗೆಲ್ಲ ಗೊತ್ತಿತ್ತು.

ಆಗ ಪಲ್ಲಕ್ಕಿಯ ಮುಂದೆ ಒಬ್ಬ ಮುದುಕಿ ಕೋಲೂರಿಕೊಂಡು ಬರುತ್ತಿರುವುದು ಕಂಡಿತು. ಮನೆಗೆ ಕಳಿಸಿದ ಅಜ್ಜಿಯರಲ್ಲಿ ಒಬ್ಬಳು. ಗಡಿಯ ಹಳ್ಳದವಳು. ಗೋಡೆಯ ಕೆಳಗೆ ನಿಂತು ಅವಳು ಸೆರಗಿನ ಗಂಟು ಬಿಚ್ಚಿದಳು.

"ದೊರೇ, ಈ ಹತ್ತು ಬೀಜ ದಡದ ಮೇಲೇ ಬಿದ್ದಿದ್ದವು. ಆಯುವವರಿರಲಿಲ್ಲ. ಕೈ ಸುಮ್ಮನಿರದೆ ಆಯ್ದುಕೊಂಡು ಬಂದೆ. ಬಣ್ಣ ನೋಡಿ."

ಅವಳ ಅಂಗೈ ತುಂಬ ಹಳದಿ. ಪಲ್ಲಕ್ಕಿಯ ಪರದೆ ಸರಿಯಿತು. ಬಳೆ ತುಂಬಿದ ಒಂದು ಕೈ ಹೊರಗೆ ಬಂತು.

ಪಾಳೆಯಗಾರನಿಗೆ ಕೈ ಇಳಿಸುವ ಧೈರ್ಯ ಬರಲಿಲ್ಲ. ಇಳಿಸಿದರೆ ಬಂಡೆ ಉರುಳುತ್ತದೆ. ಬೇಡ ಎನ್ನಲು ಬಾಯಿ ಒಣಗಿತ್ತು. ಕೈ ಎತ್ತಿಕೊಂಡೇ ನೂರು ಮೆಟ್ಟಿಲು ಇಳಿದ. ಕೈ ಎತ್ತಿಕೊಂಡೇ ಬಾಗಿಲು ತೆಗೆಸಿದ. ಕೈ ಎತ್ತಿಕೊಂಡೇ ಮಗಳ ಮುಂದೆ ನಿಂತ.

"ಇದೇನಪ್ಪಾಜಿ, ಆಶೀರ್ವಾದವೇ?" ಎಂದಳು ಮಗಳು.

ಅಜ್ಜಿಯೇ ಮುಂದೆ ಬಂದು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗೆ ತಂದಳು.

ಪಂಡಿತರು ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಹೊನ್ನಯ್ಯನಿಗೆ ತಂದೆಯ ಮಂಚ ಕಣ್ಣ ಮುಂದೆ ಬಂತು. ಅದನ್ನು ಇಳಿಸಿದ ಜಾಗವೂ ಬಂತು. ತನ್ನ ಊರಿನ ಯಾರೋ ಮುದುಕನ ಕೈಗೆ ಆ ಎಮ್ಮೆಯ ಮದ್ದಿನ ಪೊಟ್ಟಣ ಇಟ್ಟ ಹಾಗೂ ಆಯಿತು, ಅಲ್ಲಿ ಅದನ್ನು ಮೂಸಿ ನೋಡುವವರು ಯಾರೂ ಇಲ್ಲದ ಹಾಗೂ ಆಯಿತು. ಅವನು ಕೇಳಿದ:

"ಅಜ್ಜಿಯರು ಮರಳಿ ಬಂದರೇ, ಗುರುಗಳೇ?"

"ಅದೇ ಸಂಜೆ ಬಂದರು. ಬೈಯುತ್ತಲೇ ತೂಬು ಎತ್ತಿದರು. ಒಂದೇ ಸಲಕ್ಕೆ ಎಲ್ಲ ತೊಳೆದುಹೋಗಲಿಲ್ಲ. ಮೂರು ದಿನ ಹಿಡಿಯಿತು."

"ಮೂರು ದಿನಕ್ಕೆ ದಾರಿಗಳೆಲ್ಲ ತೆರೆದವೇ?"

"ಬೇಕಾದವು ತೆರೆದವು. ಇನ್ನೂ ತಡ ಮಾಡಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ."

ಹೊನ್ನಯ್ಯನ ಕಣ್ಣು ಎಳೆಯಿತು, ಜುಟ್ಟು ಜಗ್ಗಿತು, ಕಣ್ಣು ತೆರೆಯಿತು.

"ಆ ಕೋಟೆ ಎಲ್ಲಿದೆ ಗುರುಗಳೇ? ಹುಣ್ಣಿಮೆ ಮುಗಿಯಲಿ, ಒಮ್ಮೆ ಹೋಗಿ ಆ ಅಜ್ಜಿಯರನ್ನು ನೋಡಬೇಕು."

ಪಂಡಿತರು ಜಂತೆಯ ಕಡೆ ನೋಡಿದರು. ಅಲ್ಲಿಂದ ಹಗ್ಗದಗುಂಟ ಕಣ್ಣು ಇಳಿಸುತ್ತ ಬಂದು ಶಿಷ್ಯನ ನೆತ್ತಿಯ ಮೇಲೆ ನಿಲ್ಲಿಸಿದರು.

"ಹಗ್ಗದ ಈ ತುದಿಯಲ್ಲೇ ಇದೆ ಮಗೂ, ನೀನು ಕಣ್ಣು ಮುಚ್ಚುವುದನ್ನೇ ಕಾಯುತ್ತ ಅವರು ಐದು ದಿನದಿಂದ ತೂಬಿನ ಹತ್ತಿರ ನಿಂತಿದ್ದಾರೆ."

ಹೊನ್ನಯ್ಯ ಕೈ ಮೇಲೆತ್ತಿ ಗಂಟು ಬಿಚ್ಚಿದ.