ನಾಲಿಗೆದಿಬ್ಬದ ರಕ್ಕಸ

ಬೂದನಹಳ್ಳದ ಕೆಳದಂಡೆಗೆ ಇಂದು ಹೋದವರಿಗೆ ಅರ್ಧ ಕಡಿದ ಬಿಳಿಮಣ್ಣಿನ ದಿಬ್ಬವೊಂದು ಕಾಣುತ್ತದೆ. ಅದರ ಹೆಸರು ನಾಲಿಗೆದಿಬ್ಬ. ದೇವರು ರಕ್ಕಸನೊಬ್ಬನ ನಾಲಿಗೆ ಕಿತ್ತು ಇಲ್ಲಿ ಎಸೆದನೆಂದು ಹೇಳುವವರಿದ್ದಾರೆ. ಸುಣ್ಣ ಕೊಳ್ಳಲು ಮೂವತ್ತು ವರ್ಷ ಈ ಕಡೆ ಓಡಾಡಿದ ನನಗೆ ಆ ಮಾತು ಒಗ್ಗಲಿಲ್ಲ. ಸುಣಗಾರರ ಮನೆಗಳಲ್ಲಿ ಹಿರಿಯರು ಹೇಳುವುದೇ ಬೇರೆ. ನನಗೆ ಅದೇ ವಾಸಿ ಎನಿಸಿದೆ.

ಹಿಂದೆ ಯಾವುದೋ ಕಾಲದಲ್ಲಿ ಸಾಬವ್ವ ಎಂಬ ಸುಣಗಾರ ಹೆಂಗಸು ಈ ದಂಡೆಯಲ್ಲಿ ಕುಣಿ ತೋಡಿ ಸುಣ್ಣದ ಕಲ್ಲು ಅಗೆದು ಭಟ್ಟಿ ಸುಡುತ್ತಿದ್ದಳಂತೆ. ಗಂಡ ತೀರಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದೇ ಈ ಕುಣಿಯಿಂದ. ಒಂದು ಮಳೆಗಾಲದಲ್ಲಿ ದಂಡೆ ಕುಸಿದು ಕಲ್ಲಿನಂಥ ಮೊಳದುದ್ದದ ದವಡೆಯೊಂದು ಹೊರಬಿತ್ತು. ಅದನ್ನು ಮೊದಲು ಕಂಡವನು ನಿಂಗನಗೌಡನ ಆಳು. ಊರಾಳುವ ಗೌಡ ಬಂದವನೇ, ಏಳು ಊರಿನ ಮಂದಿಯನ್ನು ತಿಂದ ರಕ್ಕಸ ಇಲ್ಲಿ ಮಲಗಿದ್ದಾನೆ, ಇನ್ನು ಅಗೆದರೆ ಏಳುತ್ತಾನೆ, ಕುಣಿ ಮುಚ್ಚಬೇಕು ಎಂದು ಅಪ್ಪಣೆ ಮಾಡಿದ. ಗೌಡನ ಭಾವಮೈದುನನದೂ ಒಂದು ಭಟ್ಟಿ ಮೇಲ್ದಂಡೆಯಲ್ಲಿತ್ತು. ಕಥೆ ಹೇಳುವವರು ಇದನ್ನು ಮೆಲ್ಲಗೆ ದಾಟಿಬಿಡುತ್ತಾರೆ, ನಾನು ದಾಟುವುದಿಲ್ಲ.

ಸಾಬವ್ವನಿಗೂ ಅಲ್ಲೇ ಅನುಮಾನ ಹುಟ್ಟಿತು. ಯಾರೋ ಕಲ್ಲುಕುಟಿಗನಿಂದ ದವಡೆ ಕೆತ್ತಿಸಿ ತನ್ನ ಕುಣಿಯಲ್ಲಿ ಹೂತಿದ್ದಾರೆ ಎಂದುಕೊಂಡಳು. ಹಳೆಯ ಮೂಳೆ ಕಲೆತರೆ ಸುಣ್ಣ ಕೆಡುತ್ತದೆಂದು ಸುಣಗಾರರು ಅನುಮಾನದ ತುಂಡನ್ನು ನಾಲಿಗೆಗೆ ಹಚ್ಚಿ ನೋಡುವುದುಂಟು. ನುಣ್ಣನೆಯ ಕಲ್ಲಾದರೆ ಬಿಟ್ಟುಬಿಡುತ್ತದೆ, ಹಳೆಯ ಮೂಳೆಯಾದರೆ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಅವಳು ಊರ ಮಂದಿಯ ಎದುರಿಗೆ ನಿಂತು, “ಗೌಡ್ರ, ನಾಲಿಗಿ ಹಚ್ಚತೀನಿ. ಕಲ್ಲಾದ್ರ ಇದನ್ನ ಹೂತಾವ್ರ ಹೆಸ್ರು ನೀವೇ ಹೇಳ್ರಿ” ಎಂದಳು.

“ಹಚ್ಚವ್ವ, ಹಚ್ಚು. ಮೂಳಿ ಆದ್ರ ಕುಣಿ ಮುಚ್ಚತೀಯೇನು?”

“ಮುಚ್ಚತೀನಿ.”

ದವಡೆಯ ಅಂಚಿಗೆ ನಾಲಿಗೆ ಹಚ್ಚಿದಳು. ಅದು ಹಿಡಿದುಕೊಂಡಿತು. ಎಳೆದುಕೊಳ್ಳಲು ಸಾಬವ್ವ ಒದ್ದಾಡುತ್ತಿರುವಾಗ ಗೌಡ, “ಈಗ ಮಾತಾಡವ್ವ” ಎಂದು ನಕ್ಕನಂತೆ. ಅವಳು ಬಾಯಿ ಒರೆಸಿಕೊಂಡು, “ಮೂಳಿನೇ ಅದ” ಎಂದಳು. ನೆಪ ಹೇಳಿ ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ. ಗೌಡನ ಆಳುಗಳು ಗುದ್ದಲಿ ಎತ್ತಿ ಮಣ್ಣು ತಳ್ಳತೊಡಗಿದರು.

ಆದರೆ ಮುಖ ಅಷ್ಟು ಹತ್ತಿರ ಹೋದಾಗ ಅವಳ ಕಣ್ಣಿಗೆ ದವಡೆಯ ಹಲ್ಲು ಬಿದ್ದಿತ್ತು. ಅಂಗೈಯಷ್ಟು ಅಗಲ, ಬೀಸುವ ಕಲ್ಲಿನಂತೆ ಮೇಲೆ ಸಾಲುಸಾಲು ಗೀರು, ಸವೆದು ಸಪಾಟು. ಗುಂಪಿನಲ್ಲಿದ್ದ ಕುರುಬರ ಬೀರಣ್ಣನನ್ನು ಕರೆದು, “ಯಣ್ಣಾ, ನೀನು ಕುರಿಬಾಯಿ ತೆಗೆದು ವಯಸ್ಸು ಹೇಳಾಂವ. ಇದು ಏನು ತಿಂದದ, ಹೇಳು” ಎಂದಳು.

ಬೀರಣ್ಣ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. “ಹುಲ್ಲು” ಎಂದ. “ಮುದಿ ಜೀವ. ಬಹಳ ವರ್ಷ ಮೇದದ.”

“ಮಂದಿ?”

“ಈ ಹಲ್ಲಿನಾಗ ಮಂದಿ ತಿನ್ನಾಕ ಹೋದ್ರ ಅದೇ ಉಪವಾಸ ಸಾಯತಿತ್ತು.”

ಕುರುಬರೆಲ್ಲ ನಕ್ಕರು. ಗುದ್ದಲಿಗಳು ನಿಂತವು. “ಮುಚ್ಚತೀನಿ ಅಂದಿದ್ದೆ, ಮುಚ್ಚತೀನಿ” ಎಂದಳು ಸಾಬವ್ವ, “ಆದ್ರ ಮೇಯೋ ದನಕ್ಕ ಅಂಜಿ ಊರಿಗೆ ಊರೇ ಸುಣ್ಣದ ಕುಣಿ ಮುಚ್ಚಿಸಿತು ಅಂತ ಸಂತಿಯೊಳಗ ಹೇಳತೀನಿ, ಗೌಡ್ರ.” ಸಂತೆಯ ನಗು ಎಷ್ಟು ದೂರ ಹೋಗುತ್ತದೆಂದು ಗೌಡನಿಗೆ ತಿಳಿಯದೆ ಇರಲಿಲ್ಲ. ಅವಳನ್ನು ಕೊಟ್ಟ ಮಾತಿನಿಂದ ಬಿಡುಗಡೆ ಮಾಡಿದ. ಕುಣಿ ಅವಳಿಗೇ ಉಳಿಯಿತು. ಅವಳು ನಾಲಿಗೆ ಹಚ್ಚಿದ ಜಾಗವಾದ್ದರಿಂದ ದಿಬ್ಬಕ್ಕೆ ಆ ಹೆಸರು ಬಂತು ಎನ್ನುತ್ತಾರೆ.

ಗೌಡನೂ ಪೂರ್ತಿ ಸೋಲಲಿಲ್ಲ. ತನ್ನ ಮಾತು ಬಿದ್ದುಹೋಗಬಾರದೆಂದು ದಿಬ್ಬದ ನೆತ್ತಿಯಲ್ಲಿ ಗುಡಿ ಕಟ್ಟಿಸಿ ರಕ್ಕಸನನ್ನು ಕೆತ್ತಿಸಿದ. ಸಿಂಹದ ಉಗುರು, ಆನೆಯ ಸೊಂಡಿಲು, ಗೇಣುದ್ದದ ಕೋರೆ. ಕಂಡವರು ಯಾರೂ ಇಲ್ಲದ್ದಕ್ಕೆ ಏನು ಬೇಕಾದರೂ ಸೇರಿಸಬಹುದು. ಅದೇ ರೂಪ ಸುತ್ತಲಿನ ಊರುಗಳ ಗುಡಿಬಾಗಿಲಿಗೂ ಹಬ್ಬಿತು. ಇಂಥ ಮೃಗಗಳನ್ನು ಬೇರೆಲ್ಲಿ ಕಂಡರೂ ಅವುಗಳ ಕೆಳಗೆ ಯಾವ ಮೂಳೆ ಇದ್ದೀತು, ಮೇಲ್ದಂಡೆಯಲ್ಲಿ ಯಾರ ಭಟ್ಟಿ ಇದ್ದೀತು ಎಂದು ನಾನು ಈಗ ಯೋಚಿಸುತ್ತೇನೆ. ದಿಬ್ಬದ ರಕ್ಕಸನನ್ನು ಕೆತ್ತಿದ ಶಿಲ್ಪಿ ಮಾತ್ರ, ಯಾಕೋ, ಕುಣಿಯಲ್ಲಿ ಸಿಕ್ಕ ಆ ಹಲ್ಲನ್ನೇ ಅವನ ಬಾಯೊಳಗೆ ಕೂರಿಸಿದ. ಇಂದಿಗೂ ಜನ ಕೋರೆ ನೋಡಿ ಕೈಮುಗಿದು ಹಿಂದೆ ಸರಿಯುತ್ತಾರೆ. ಬಗ್ಗಿ ಒಳಗೆ ಕೈಹಾಕಿದವರ ಬೆರಳಿಗೆ ಹುಲ್ಲು ಅರೆದು ಸವೆದ ಹಲ್ಲು ತಾಗುತ್ತದೆ.